ಹುಚ್ಚೆಳ್ಳು ಪುಡಿ ಮತ್ತು ನನ್ನ ರಿಸರ್ಚು

ಆಗ ನನಗೆ ಅರವತ್ತೇಳು. ಇದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಎಷ್ಟು ಅಂತ ನೀವೇ ಕೂಡಿಸಿಕೊಳ್ಳಿ, ನನಗೆ ಬೇರೆ ಕೆಲಸವಿದೆ.

ಇವತ್ತು ಬೆಳಿಗ್ಗೆ ಮೊಮ್ಮಗಳು ನನ್ನ ಸ್ಟೀಲ್ ಡಬ್ಬಿ ಎತ್ತಿಕೊಂಡು, ಮುಚ್ಚಳದ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, "ಅಜ್ಜಿ, ವೈ ಈಸ್ ದಿಸ್ ಸೋ ಕ್ರುಕೆಡ್?" ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನಗೆ ಇಂಗ್ಲಿಷು ಬಾಯಿಗೆ ಬರುತ್ತದೆ, ಅರ್ಥವಾಗುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ. ಬೆರಳು ಇಟ್ಟ ಜಾಗ ನೋಡಿಯೇ ಕೇಳಿದ್ದೇನು ಅಂತ ಗೊತ್ತಾಯಿತು. "ಸೊಟ್ಟಗಿದ್ದರೇನು, ಅಳಿಸಿಹೋಗಲ್ಲ" ಅಂದೆ. ಯಾಕೆ ಅಂತ ಹೇಳಲು ಹೊರಟರೆ ಅದು ಉದ್ದದ ಕಥೆ, ಅವಳ ಸ್ಕೂಲ್ ಬಸ್ಸಿಗೆ ಹೊತ್ತಾಗಿತ್ತು. ನಿಮಗೆ ಬಸ್ಸಿಲ್ಲವಲ್ಲ, ಕೇಳಿ.

ನಾನು ಜವರಮ್ಮ, ಕೆ.ಆರ್. ಪೇಟೆ ಕಡೆಯವಳು. ಮೂರನೇ ಕ್ಲಾಸಿನವರೆಗೆ ಓದಿದ್ದೇನೆ, ಅದರಲ್ಲಿ ಎರಡನೆಯದನ್ನು ಎರಡು ಸಲ. ಬರೆಯಲು ನನಗೆ ಹೊತ್ತು ಹಿಡಿಯುತ್ತದೆ, ಹೇಳಲು ಹಿಡಿಯುವುದಿಲ್ಲ. ಗಂಡ ಸತ್ತ ಮೇಲೆ ಮಗಳು ಸವಿತಾ ನನ್ನನ್ನು ಇಲ್ಲಿಗೆ, ಅಮೆರಿಕದ ಸಿಯಾಟಲ್ ಕಡೆಗೆ ಕರೆಸಿಕೊಂಡಳು. ಅವಳೂ ಅಳಿಯ ಗಿರೀಶನೂ ಓವರ್‌ಲೇಕಿನಲ್ಲಿ ಒಂದೇ ಸಾಫ್ಟ್‌ವೇರ್ ಕಂಪನಿಗೆ ದುಡಿಯುತ್ತಾರೆ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಇಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುವುದರಿಂದ ಇದನ್ನು ದೊಡ್ಡ ದೂರು ಅಂತ ಹೇಳುವ ಹಾಗಿಲ್ಲ.

ಮೊಮ್ಮಗಳೂ ಸ್ಕೂಲು, ಡೇಕೇರು ಮುಗಿಸಿ ಅವರ ಜೊತೆಯೇ ಬರುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಎದುರು ಮನೆಯ ನಾಯಿಯೂ ಹಗಲೆಲ್ಲ ಒಂಟಿಯೇ. ಆದರೆ ಅದನ್ನು ತಿರುಗಾಡಿಸಲು ಮಧ್ಯಾಹ್ನ ಒಬ್ಬಳು ಹುಡುಗಿ ಬರುತ್ತಾಳೆ, ಅದರ ಜೊತೆ ಮಾತಾಡುತ್ತಾಳೆ, ಬಿಸ್ಕತ್ತು ಕೊಡುತ್ತಾಳೆ. ನನಗೆ ಯಾರೂ ಬರುತ್ತಿರಲಿಲ್ಲ. ಇದನ್ನು ಅಳುತ್ತಾ ಹೇಳುತ್ತಿಲ್ಲ, ನಾಯಿಗಿದ್ದ ಅನುಕೂಲ ಹೇಳಿದೆ, ಅಷ್ಟೆ.

ಲೈಬ್ರರಿಯಲ್ಲಿ ವಯಸ್ಸಾದವರಿಗೆ ಬಿಟ್ಟಿ ಇಂಗ್ಲಿಷು ಕಲಿಸುತ್ತಾರೆ ಎಂದು ಸವಿತಾ ನನ್ನನ್ನು ಸೇರಿಸಿದಳು. ಅಲ್ಲಿ "ಟುಡೇ ದ ವೆದರ್ ಈಸ್ ನೈಸ್" ಅಂತ ಕಲಿಸಿದರು. ಸಿಯಾಟಲ್ಲಿನ ಆ ಮಳೆಯಲ್ಲಿ ಅದನ್ನು ಹೇಳುವ ದಿನಕ್ಕಾಗಿ ಬಹಳ ಕಾದೆ. ನನ್ನ ಪಕ್ಕದ ಕುರ್ಚಿಯಲ್ಲಿ ಇಥಿಯೋಪಿಯಾದ ಅಲ್ಮಾಜ್ ಕೂರುತ್ತಿದ್ದಳು. ನನಗಿಂತ ಚಿಕ್ಕವಳು, ಗಟ್ಟಿಗಿತ್ತಿ, ಕಾರು ಓಡಿಸುತ್ತಾಳೆ. ಒಂದು ದಿನ ಅವಳು, "ಜವರಾ, ಯೂ ವಾಂಟ್ ವರ್ಕ್?" ಅಂದಳು.

"ವಾಟ್ ವರ್ಕ್?"

"ಗಾರ್ಬೇಜ್." ಮೂಗು ಮುಚ್ಚಿಕೊಂಡು ತೋರಿಸಿ ನಕ್ಕಳು. "ಬಟ್ ಪೀಪಲ್ ಗುಡ್. ಆಲ್ ಡೇ ಟಾಕಿಂಗ್, ಟಾಕಿಂಗ್."

ಮಾತಾಡಬಹುದು ಅಂದಮೇಲೆ ಇನ್ನೇನು ಕೇಳುವುದು? ಹೋಗಿ ಹೆಸರು ಕೊಟ್ಟು ಬಂದೆ.

ಕೆಲಸ ಏನೆಂದರೆ, ಈ ಊರಿನ ಮನೆಗಳವರು, ಆಫೀಸಿನವರು, ಹೋಟೆಲಿನವರು ಏನೇನು ಎಸೆಯುತ್ತಾರೆ ಎಂದು ಸರ್ಕಾರಕ್ಕೆ ತಿಳಿಯಬೇಕಂತೆ. ಬಾಯಿಬಿಟ್ಟು ಕೇಳಿದರೆ ಎಲ್ಲರೂ ಒಳ್ಳೆಯವರೇ. ಅದಕ್ಕೇ ಕೇಳುವುದಿಲ್ಲ. ಕಸದ ಲಾರಿಗಳು ಬಂದು ಸೇರುವ ದೊಡ್ಡ ಶೆಡ್ಡಿನಲ್ಲಿ ಯಾವುದಾದರೂ ಒಂದು ಲಾರಿಯನ್ನು ತಡೆದು, ಅದರಲ್ಲಿ ಒಂದು ಪಾಲು ಸುರಿಸಿಕೊಂಡು, ಟೇಬಲ್ ಮೇಲೆ ಹರವಿ ಆರಿಸುತ್ತೇವೆ. ಮೈಮೇಲೆ ಬಿಳಿ ಅಂಗಿ, ತಲೆಗೆ ಗಟ್ಟಿ ಟೋಪಿ, ಕೈಗೆ ಎರಡೆರಡು ಗ್ಲೌಸು, ಕಾಲಿಗೆ ಕಬ್ಬಿಣದ ಮೂತಿಯ ಬೂಟು. ಸುತ್ತ ಪ್ಲಾಸ್ಟಿಕ್ ತೊಟ್ಟಿಗಳು: ಕಾಗದಕ್ಕೊಂದು, ಬಟ್ಟೆಗೊಂದು, ಗಾಜಿಗೊಂದು, ತಿನ್ನುವ ಪದಾರ್ಥಕ್ಕೊಂದು, ಲೋಹಕ್ಕೊಂದು, ಸೌದೆಗೊಂದು, ಮಣ್ಣಿಗೊಂದು. ತುಂಬಿದ ಮೇಲೆ ತೂಗುತ್ತಾರೆ. ಅಕ್ಕಿ ಆರಿಸುವ ಕೆಲಸವೇ. ಏನೆಂದರೆ, ಅಕ್ಕಿಯಲ್ಲಾದರೆ ಕಲ್ಲು ಎಸೆದು ಅಕ್ಕಿ ಇಟ್ಟುಕೊಳ್ಳುತ್ತೇವೆ. ಇಲ್ಲಿ ಎರಡನ್ನೂ ಬೇರೆ ಬೇರೆ ಮಾಡಿ, ಬೇರೆ ಬೇರೆ ತೂಗಿ, ಮತ್ತೆ ಒಂದೇ ಕಡೆ ಸುರಿಯುತ್ತೇವೆ. ಇದನ್ನೇ ಸ್ಟಡಿ ಅನ್ನುತ್ತಾರೆ.

ಮನೆಯಲ್ಲಿ ಹೇಳಿದಾಗ ಸವಿತಾ ಚಮಚ ಕೆಳಗಿಟ್ಟಳು.

"ಕಸಾನಾ? ಅವ್ವಾ, ಇಷ್ಟು ದೂರ ಬಂದು ಕಸ ಆರ್ಸೋಕೆ ಹೋಗ್ತೀಯಾ?"

"ಊರಲ್ಲಿ ಬಿಟ್ಟಿ ಆರುಸ್ತಿದ್ದೆ. ಇಲ್ಲಿ ಕೂಲಿ ಕೊಡ್ತಾರೆ."

"ದುಡ್ಡು ಬೇಕಾದ್ರೆ ನಾನ್ ಕೊಡ್ತೀನಿ."

"ಮಾತಾಡೋ ಜನಾನೂವೆ ಕೊಟ್ಟೀಯಾ?"

ಅವಳು ಗಿರೀಶನ ಮುಖ ನೋಡಿದಳು. ಅವನು ಒಳ್ಳೆಯ ಹುಡುಗ, ಜಗಳ ಕಂಡರೆ ಆಗುವುದಿಲ್ಲ. "ಟೆಕ್ನಿಕಲಿ ನೋಡಿದ್ರೆ ಇದು ಸ್ಟಡಿ ಕಣೇ. ಅತ್ತೆ ಮಾಡ್ತಿರೋದು ಒಂಥರಾ ರಿಸರ್ಚೇ," ಅಂದ.

ಸವಿತಾಳ ಮುಖ ಅರಳಿತು. ಕಸ ಅಂದರೆ ಮಾನ ಹೋಗುತ್ತದೆ, ರಿಸರ್ಚ್ ಅಂದರೆ ಬರುತ್ತದೆ. ಕೈ ಹಾಕುವ ಜಾಗ ಮಾತ್ರ ಅದೇ. "ಸರಿ, ಹೋಗು. ಆದ್ರೆ ಕಸ ಅಂತ ಯಾರ ಹತ್ರಾನೂ ಬಾಯ್ಬಿಡ್ಬೇಡ. ಎನ್ವಿರಾನ್‌ಮೆಂಟಲ್ ರಿಸರ್ಚ್ ಅಷ್ಟೇ. ನಮ್ಮ ಜನಕ್ಕೆ ಗೊತ್ತಾಯ್ತೋ, ಅವತ್ತೇ ಬಿಟ್ಬಿಡಬೇಕು. ಒಪ್ಪಿಗೆನಾ?"

"ಊಂ" ಅಂದೆ.

ಇಲ್ಲೊಂದು ಮಾತು ಹೇಳಬೇಕು. ಸವಿತಾ ನನ್ನನ್ನು ಮನೆಯಲ್ಲಿ ಅವ್ವ ಅನ್ನುತ್ತಾಳೆ, ಜನರ ಮುಂದೆ ಅಮ್ಮ ಅನ್ನುತ್ತಾಳೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಕಲಿತದ್ದು. ಒಳ್ಳೆ ಸೀರೆ ಎತ್ತಿಟ್ಟು ಹಬ್ಬಕ್ಕೆ ಉಡುವ ಹಾಗೆ ಅಮ್ಮ ಅನ್ನುವುದನ್ನು ಎತ್ತಿಟ್ಟಿದ್ದಾಳೆ. ನಾನು ಯಾವುದಕ್ಕೂ ಓಗೊಡುತ್ತೇನೆ.

ಕೆಲವೇ ದಿನದಲ್ಲಿ ನಮ್ಮ ಕನ್ನಡದವರಿಗೆಲ್ಲ "ಸವಿತಾ ಅವರ ಅಮ್ಮ ರಿಸರ್ಚಲ್ಲಿದಾರಂತೆ" ಎಂದು ಹರಡಿತು. ಅದುವರೆಗೆ ಊಟಕ್ಕೆ ಸೇರಿದ ಕಡೆ ನನ್ನನ್ನು ಕೇಳುತ್ತಿದ್ದದ್ದು ಎರಡೇ, ಮಂಡಿನೋವು ಹೇಗಿದೆ, ಮುದ್ದೆ ಗಂಟಾಗದ ಹಾಗೆ ಹೇಗೆ ತಿರುವುತ್ತೀರಿ. ಆಮೇಲೆ ಗಂಡಸರು ಕೂಡ ಕುರ್ಚಿ ಬಿಟ್ಟು ಎದ್ದು ಜಾಗ ಕೊಡತೊಡಗಿದರು. ಮಂಡಿ ಅದೇ, ನೋವೂ ಅದೇ.

ಈ ಸ್ಟಡಿ ಇಲ್ಲಿಯವರು ಕಂಡುಹಿಡಿದದ್ದು ಅಂತ ತಿಳಿಯಬೇಡಿ. ನಾನು ಹುಡುಗಿಯಾಗಿದ್ದಾಗ ನಮ್ಮವ್ವ ದಿನಾ ಹೊತ್ತಾರೆ ಮಾಡುತ್ತಿದ್ದಳು. ನಮ್ಮ ತಿಪ್ಪೆಗೂ ಪಕ್ಕದ ಮನೆ ತಿಪ್ಪೆಗೂ ನಡುವೆ ಕತ್ತಾಳೆ ಬೇಲಿ. ಸಗಣಿ ಬುಟ್ಟಿ ಸುರಿಯುವ ನೆವದಲ್ಲಿ ಅವ್ವ ಆ ಕಡೆ ಬಗ್ಗಿ ನೋಡುತ್ತಿದ್ದಳು. ಮೂಳೆ ಕಂಡರೆ, ಬಾಡು ಮಾಡಿಯೂ ನಮಗೆ ಒಂದು ಬಟ್ಟಲು ಸಾರು ಕೊಡಲಿಲ್ಲ ಎಂದು ಗೊತ್ತಾಗುತ್ತಿತ್ತು. ಆಮೇಲೆ ಒಂದು ವಾರ ಆ ಮನೆಯವರಿಗೆ ಮಜ್ಜಿಗೆ ಇಲ್ಲ. ಆ ಮನೆಯ ಕಾಳಮ್ಮನೇನು ಕಡಿಮೆ? ಮೂಳೆಯನ್ನು ಬೂದಿಯಲ್ಲಿ ಹೂತಿಡುತ್ತಿದ್ದಳು. ಅವ್ವ ಕೋಲಿನಲ್ಲಿ ಬೂದಿ ಕೆದಕುತ್ತಿದ್ದಳು. ನಮ್ಮ ಕಾಲದಲ್ಲಿ ಕಸವೇ ಇರಲಿಲ್ಲ, ಭೂಮಿತಾಯಿಯ ಹಾಗೆ ಬದುಕುತ್ತಿದ್ದೆವು ಎಂದು ಇಲ್ಲಿ ಭಾಷಣ ಮಾಡುವವರನ್ನು ಕೇಳಿದ್ದೇನೆ. ಅವರು ಕಾಳಮ್ಮನ ಪಕ್ಕದ ಮನೆಯಲ್ಲಿ ಇದ್ದವರಲ್ಲ. ಕಸ ಇತ್ತು. ಒಂದಷ್ಟು ಗೊಬ್ಬರವಾಗುತ್ತಿತ್ತು, ಉಳಿದದ್ದು ಜಗಳವಾಗುತ್ತಿತ್ತು.

ನಮ್ಮ ಟೇಬಲ್ಲಿನ ಯಜಮಾನಿ ಡೆಬ್ ಅಂತ, ಎತ್ತರದ ಹೆಂಗಸು, ಗಂಡಸಿನ ದನಿ. ಮೊದಲ ದಿನವೇ ಎರಡು ಕಾನೂನು ಹೇಳಿದಳು, ಅಲ್ಮಾಜ್ ಕೈಸನ್ನೆ ಮಾಡಿ ನನಗೆ ತಿಳಿಸಿದಳು. ಒಂದು, ಟೇಬಲ್ ಮೇಲೆ ಬಂದ ವಸ್ತು ಚಿನ್ನವಾದರೂ ಸರಿ, ಜೇಬಿಗೆ ಹೋಗುವಂತಿಲ್ಲ. ಎರಡು, ಟೇಬಲ್ ಮೇಲೆ ಕಂಡದ್ದು ಯಾರ ಮನೆಯದೆಂದು ಗೊತ್ತಾದರೂ ಹೊರಗೆ ಹೇಳುವಂತಿಲ್ಲ. ತಪ್ಪಿದರೆ ಬೂಟು ಬಿಚ್ಚಿಟ್ಟು ಮನೆಗೆ. ನನಗಿಂತ ಮುಂಚೆ ಇದ್ದ ಒಬ್ಬ ಚಂದದ ಗಡಿಯಾರ ಜೇಬಿಗೆ ಹಾಕಿಕೊಂಡು ಹಾಗೇ ಹೋದನಂತೆ. ಗಡಿಯಾರ ನಡೆಯುತ್ತಲೂ ಇರಲಿಲ್ಲವಂತೆ, ಪಾಪ.

ಹೀಗೆ ನನ್ನ ಬಾಯಿಗೆ ಎರಡು ಬೀಗ ಬಿದ್ದವು. ಏನು ಕಂಡೆ ಎಂದು ಹೇಳಿದರೆ ಡೆಬ್ ಬಿಡಿಸುತ್ತಾಳೆ, ಏನು ಮಾಡುತ್ತೇನೆ ಎಂದು ಹೇಳಿದರೆ ಸವಿತಾ ಬಿಡಿಸುತ್ತಾಳೆ. ಬಿಟ್ಟರೆ ಮತ್ತೆ ಕಿಟಕಿ, ಮತ್ತೆ ಎದುರು ಮನೆಯ ನಾಯಿ.

ಯಾರ ಮನೆಯದೆಂದು ಹೇಳದೆ ಕೆಲವು ಹೇಳಬಹುದು. ಒಂದು ಸಲ ಬೆಲ್ವ್ಯೂ ಕಡೆಯ ಎತ್ತರದ ಆಫೀಸಿನಿಂದ ಬಂದ ಲಾರಿಯಲ್ಲಿ ಪ್ಲಾಸ್ಟಿಕ್ಕಿನ ಬ್ಯಾನರುಗಳು, ಟೀ ಶರಟುಗಳು, ನೀರಿನ ಬಾಟಲಿಗಳು ಹೊಸ ಹೊಸದಾಗಿಯೇ ಇದ್ದವು. ಎಲ್ಲದರ ಮೇಲೂ ಹಸಿರು ಗಿಡದ ಚಿತ್ರ. ಏನು ಬರೆದಿದೆ ಎಂದು ಕೇಳಿದೆ. ಭೂಮಿಯನ್ನು ಉಳಿಸೋಣ ಎಂದು ಬರೆದಿದೆಯಂತೆ. ಭೂಮಿ ದಿನದ ಹಬ್ಬ ಮುಗಿದಿತ್ತು, ಎಸೆದಿದ್ದರು. ಡೆಬ್ ಅವನ್ನು ತೂಗಿ, ನಿಟ್ಟುಸಿರು ಬಿಟ್ಟು, ಕಾಫಿ ಕುಡಿಯಲು ಹೋದಳು.

ಇನ್ನೊಂದು ಸಲ ಯಾರೋ ನಮ್ಮವರ ಮನೆಯ ಚೀಲ. ಬಟ್ಟೆಯಲ್ಲಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಮೇಲೆ ಒಂದು ಹೂವಿಟ್ಟು ಕಟ್ಟಿದ ಗಂಟು. ಬಿಚ್ಚಿದರೆ ಹಳೇ ಕ್ಯಾಲೆಂಡರಿನ ಲಕ್ಷ್ಮಿ, ಗಣಪತಿ. ದೇವರ ಪಟ ಕಸಕ್ಕೆ ಹಾಕಬಾರದಲ್ಲ. ಊರಾಗಿದ್ದರೆ ಅರಳಿಮರದ ಬುಡಕ್ಕೆ ಇಡುತ್ತಿದ್ದರು. ಇಲ್ಲಿ ಮರದ ಬುಡಕ್ಕಿಟ್ಟರೆ ದಂಡ. ಅದಕ್ಕೆ ಪೂಜೆ ಮಾಡಿ ಕಸಕ್ಕೆ ಹಾಕಿದ್ದಾರೆ. ಡೆಬ್ ಹೇಳಿದ ಹಾಗೆ ಲಕ್ಷ್ಮಿಯನ್ನು ಕಾಗದದ ತೊಟ್ಟಿಗೂ ಸುತ್ತಿದ ಬಟ್ಟೆಯನ್ನು ಬಟ್ಟೆಯ ತೊಟ್ಟಿಗೂ ಹಾಕಿದೆ. ಕುಂಕುಮಕ್ಕೆ ತೊಟ್ಟಿ ಇರಲಿಲ್ಲ.

ಅಗಿದು ಉಗಿದ ನುಗ್ಗೇಕಾಯಿ ಬಂದ ದಿನ ಅದನ್ನು ಮರದ ಚಕ್ಕೆ ಅಂದುಕೊಂಡು ಒಬ್ಬ ಸೌದೆಯ ತೊಟ್ಟಿಗೆ ಹಾಕಿದ್ದ. ನಾನು ತೆಗೆದು ಊಟದ ತೊಟ್ಟಿಗೆ ಹಾಕಿದೆ. "ಯೂ ಈಟ್ ವುಡ್?" ಅಂದ. ಅವತ್ತು ಮಧ್ಯಾಹ್ನದ ಊಟದ ಹೊತ್ತೆಲ್ಲ ಅದೇ ಮಾತು. ಇಂಥ ಮಾತಿಗೇ ನಾನು ಹೋಗುತ್ತಿದ್ದದ್ದು.

ಈಗ ರೂಪಾಳ ವಿಷಯ. ಮೈಸೂರಿನ ಹುಡುಗಿ, ಸವಿತಾಳ ಆಫೀಸಿನವಳು, ಬೆಲ್ವ್ಯೂನಲ್ಲಿ ಎತ್ತರದ ಅಪಾರ್ಟ್‌ಮೆಂಟು. ಅವಳದು ಕಸವೇ ಇಲ್ಲದ ಮನೆ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರಿಗಿಂತ ಮುಂಚೆ ಅವಳೇ ಹೇಳುತ್ತಾಳೆ. ಅವಳ ಹಾಲಿನ ಶೆಲ್ಫಿನಲ್ಲಿ ದೇವರ ಪಟಕ್ಕಿಂತ ಒಂದು ಮೆಟ್ಟಿಲು ಮೇಲೆ ಉಪ್ಪಿನಕಾಯಿ ಹಾಕುವಂಥ ಗಾಜಿನ ಬಾಟಲಿಯೊಂದಿದೆ. ಅದರಲ್ಲಿ ಎರಡು ಗುಂಡಿ, ಒಂದಿಷ್ಟು ದಾರ, ಸ್ವಲ್ಪ ಪ್ಲಾಸ್ಟಿಕ್ಕು. "ಒಂದು ವರ್ಷಕ್ಕೆ ನಮ್ಮನೆ ಕಸ ಇಷ್ಟೇ ಆಂಟಿ" ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ನೋಡಿದವರು ಗರ್ಭಗುಡಿ ಮುಂದೆ ನಿಂತವರ ಹಾಗೆ ನಿಲ್ಲುತ್ತಾರೆ.

ಸಂಕ್ರಾಂತಿಯಲ್ಲಿ ಎಲ್ಲರ ಮನೆಗೂ ಎಳ್ಳು ಬೀರಿದ ಜೊತೆಗೆ ನಾನು ಹುಚ್ಚೆಳ್ಳು ಚಟ್ನಿಪುಡಿಯನ್ನೂ ಕೊಟ್ಟೆ. ನಮ್ಮ ಕಡೆ ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ನೋಡಲು ಕಪ್ಪಗಿರುತ್ತದೆ, ಹುರಿದ ವಾಸನೆ ಜೋರಾಗಿಯೇ ಇರುತ್ತದೆ. ರೂಪಾಳ ಪಾಲಿಗೆ ಬಂದದ್ದು ನನ್ನ ಹಳೆಯ ಸ್ಟೀಲ್ ಡಬ್ಬಿ. ಪ್ಲಾಸ್ಟಿಕ್ಕಿನಲ್ಲಿ ಕೊಟ್ಟರೆ ಅವಳಿಗೆ ನೋವಾಗುತ್ತದೆ ಎಂದು ಸವಿತಾ ಹೇಳಿದ್ದಳು. ಆ ಡಬ್ಬಿ ಸವಿತಾ ಹುಟ್ಟಿದ ವರ್ಷ ಪೇಟೆಯ ಪಾತ್ರೆ ಅಂಗಡಿಯಲ್ಲಿ ಕೊಂಡದ್ದು. ಆಗ ಪಾತ್ರೆ ಕೊಂಡರೆ ಹೆಸರು ಹೊಡೆಸದೆ ತರುತ್ತಿರಲಿಲ್ಲ. ಮದುವೆ ಮನೆಗೆ ಎರವಲು ಹೋದದ್ದು ತಿರುಗಿ ಬರಬೇಕಲ್ಲ. ಅಂಗಡಿಯವನು ಉಳಿ ಹಿಡಿದು, "ಯಜಮಾನ್ರ ಹೆಸ್ರು ಹೇಳವ್ವ" ಅಂದ. "ಪುಡಿ ಕುಟ್ಟೋಳು ನಾನು, ನನ್ ಹೆಸ್ರು ಹೊಡಿ" ಅಂದೆ. ಗಂಡ ಕೆಲವು ದಿನ ಮಾತು ಬಿಟ್ಟ. ಮನೆಯಲ್ಲಿ ನೆಮ್ಮದಿಯಾಗಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಬೆಲ್ವ್ಯೂನ ಅಪಾರ್ಟ್‌ಮೆಂಟುಗಳ ಲಾರಿ ಬಂತು. ಒಂದು ಚೀಲ ಕತ್ತರಿಸಿ ಟೇಬಲ್ ಮೇಲೆ ಸುರಿದೆವು. ಕಾಫಿ ಲೋಟಗಳು, ಪಾರ್ಸೆಲ್ ತಂದ ಊಟದ ಪ್ಲಾಸ್ಟಿಕ್ ಡಬ್ಬಗಳು, ಹೆಸರೇ ಗೊತ್ತಿಲ್ಲದ ಪುಡಿಗಳ ಪ್ಯಾಕೆಟ್ಟು. ಅದರ ನಡುವೆ ಠಣ್ ಎಂದು ಏನೋ ಉರುಳಿ ನನ್ನ ಹೊಟ್ಟೆಯ ಹತ್ತಿರ ಬಂದು ನಿಂತಿತು. ಒರೆಸಿ ನೋಡಿದರೆ ಜವರಮ್ಮ ಎಂದು ಬರೆದಿತ್ತು.

ಮುಚ್ಚಳ ತೆಗೆದೆ. ನಾನು ತುಂಬಿದ್ದಷ್ಟೂ ಹಾಗೇ ಇತ್ತು. ಒಂದು ಚಮಚವೂ ಹೋಗಿರಲಿಲ್ಲ.

ಅಲ್ಮಾಜ್ ನನ್ನ ಕೈ ನಿಂತದ್ದನ್ನು ನೋಡಿದಳು. ದಿನಾ ಹಾಜರಿ ಹಾಕುವಾಗ ನಾನು ಕನ್ನಡದಲ್ಲೇ ಹೆಸರು ಬರೆಯುವುದು, ಆ ಅಕ್ಷರದ ಆಕಾರ ಅವಳ ಕಣ್ಣಿಗೆ ಬಿದ್ದಿತ್ತು. ಮುಚ್ಚಳ ನೋಡಿದಳು, ನನ್ನನ್ನು ನೋಡಿದಳು. "ಯುವರ್ಸ್?" ಅಂದಳು, ಮೆಲ್ಲಗೆ.

"ನೋ," ಅಂದೆ. ಹೌದು ಅಂದರೆ ಏನು ಮಾಡುವುದು? ಜೇಬಿಗೆ ಹಾಕಿಕೊಂಡರೆ ಗಡಿಯಾರದವನ ಹಿಂದೆ ನಾನು.

ಅಷ್ಟರಲ್ಲಿ ಡೆಬ್ ಬಂದು ಪುಡಿಯನ್ನು ಬಗ್ಗಿ ನೋಡಿ, "ಡರ್ಟ್," ಎಂದು ಮಣ್ಣಿನ ತೊಟ್ಟಿ ತೋರಿಸಿದಳು. ಡಬ್ಬಿ ಹೋದದ್ದಕ್ಕೆ ಅಷ್ಟು ಸಿಟ್ಟು ಬಂದಿರಲಿಲ್ಲ, ಇದಕ್ಕೆ ಬಂತು.

"ನೋ ಡರ್ಟ್. ಫುಡ್."

ಅವಳು ಮಾಸ್ಕ್ ಸರಿಸಿ ಮೂಸಿದಳು. ಮುಖ ಕಿವುಚಿ, "ಆರ್ ಯೂ ಶೂರ್?" ಅಂದಳು.

"ಮೈ ಫುಡ್," ಅಂದೆ. ನಮ್ಮ ದೇಶದ ಊಟ ಎಂದು ಅವಳು ಅರ್ಥ ಮಾಡಿಕೊಂಡಳು. ಪುಡಿಯನ್ನು ಊಟದ ತೊಟ್ಟಿಗೆ ಕೊಡವಿದೆ, ಡಬ್ಬಿಯನ್ನು ಲೋಹದ ತೊಟ್ಟಿಗೆ ಹಾಕಿದೆ. ಎರಡನ್ನೂ ತೂಗಿದರು. ನನ್ನ ಅಡುಗೆ ಈ ದೇಶದ ಸ್ಟಡಿಗೆ ಸೇರಿದ್ದು ಹೀಗೆ. ಉಳಿದ ಮನೆಗಳಿಗೆ ಕೊಟ್ಟ ಪುಡಿ ಯಾವ ತೊಟ್ಟಿಗೆ ಹೋಯಿತೋ, ಅವರ ಲಾರಿಗಳನ್ನು ನಾವು ತಡೆದಿರಲಿಲ್ಲ.

ಆ ಭಾನುವಾರವೇ ರೂಪಾಳ ಮನೆಯಲ್ಲಿ ಊಟ. ಕಾರಿನಲ್ಲಿ ಸವಿತಾ ಪಾಠ ಹೇಳಿಕೊಟ್ಟಳು. "ಅವ್ವಾ, ಯಾರಾದ್ರೂ ಜಾಸ್ತಿ ಕೇಳಿದ್ರೆ, ಡೇಟಾ ಕಾನ್ಫಿಡೆನ್ಶಿಯಲ್ ಅನ್ನು. ಅಷ್ಟೇ ಸಾಕು." ದಾರಿಯುದ್ದಕ್ಕೂ ಆ ಪದ ಅಭ್ಯಾಸ ಮಾಡಿದೆ. ಮನೆ ಬರುವ ಹೊತ್ತಿಗೆ ಮರೆತೆ.

ರೂಪಾಳ ಮನೆಯಲ್ಲಿ ಊರಿಂದ ಹಡಗಿನಲ್ಲಿ ತರಿಸಿದ ಅಡಿಕೆ ಹಾಳೆಯ ತಟ್ಟೆ, ಕೈ ಒರೆಸಲು ಬಟ್ಟೆಯ ಕರ್ಚೀಫು. ನಾನು ಕೂತ ಕೂಡಲೇ ಪ್ರಸನ್ನ ಅನ್ನುವ ಹುಡುಗ ಪಕ್ಕಕ್ಕೆ ಬಂದ. ಫ್ರೀಮಾಂಟಿನಲ್ಲಿ ಆಫೀಸು, ಅಂಕಿ ಅಂಶ ನೋಡುವ ಕೆಲಸವಂತೆ.

"ಆಂಟಿ, ನಿಮಗೆ ಡೇಟಾ ಎಲ್ಲಿಂದ ಬರತ್ತೆ?"

"ಲಾರೀಲಿ ಬತ್ತದೆ ಕಣಪ್ಪ."

ಎಲ್ಲರೂ ನಕ್ಕರು. "ಸೂಪರ್ ಆಂಟಿ! ಕ್ಲೀನ್ ಮಾಡೋದೂ ನೀವೇನಾ? ನಮ್ಮಲ್ಲಿ ಅರ್ಧ ಟೈಮು ಅದಕ್ಕೇ ಹೋಗತ್ತೆ."

"ನಾವ್ ಕ್ಲೀನ್ ಮಾಡಲ್ಲ. ಹೆಂಗ್ ಬತ್ತದೋ ಹಂಗೇ ಹರಡ್ತೀವಿ."

"ಆಮೇಲೆ ಕ್ಯಾಟಗರಿ ಮಾಡ್ತೀರಾ?"

"ಊಂ. ಕೆಲವು ನಾರ್ತವೆ, ಅವನ್ನ ಬೇಗ ಮಾಡ್ತೀವಿ."

"ನಮ್ಮಲ್ಲೂ ಹಾಗೇ ಆಂಟಿ," ಎಂದು ಅವನು ತಲೆಯಾಡಿಸಿದ. "ನಮ್ಮಲ್ಲೂ ಹಾಗೇ." ನಾನು ಒಂದು ಸುಳ್ಳೂ ಹೇಳಿರಲಿಲ್ಲ. ಸವಿತಾ ದೂರದಿಂದ ಮೆಚ್ಚುಗೆಯಿಂದ ನೋಡುತ್ತಿದ್ದಳು.

ಊಟ ಮುಗಿಯುವ ಹೊತ್ತಿಗೆ ರೂಪಾ ಎಲ್ಲರ ನಡುವೆ ಬಂದು, "ಆಂಟಿ, ನಿಮ್ಮ ಡಬ್ಬಿ ನನ್ನ ಹತ್ರಾನೇ ಉಳ್ಕೊಂಡ್ಬಿಟ್ಟಿತ್ತು. ಪುಡಿ ಏನ್ ಚೆನ್ನಾಗಿತ್ತು ಗೊತ್ತಾ! ಇವ್ರು ಅನ್ನಕ್ಕೆ ಹಾಕ್ಕೊಂಡು ಹಾಕ್ಕೊಂಡು ಖಾಲಿ ಮಾಡಿದ್ರು. ಖಾಲಿ ಡಬ್ಬಿ ಕೊಡಬಾರ್ದಲ್ಲ, ಅದಕ್ಕೆ ಲಾಡು ಹಾಕಿದೀನಿ," ಎಂದು ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಳು.

ಹೊಚ್ಚ ಹೊಸದು. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಬೆಲೆಚೀಟಿ ಕಿತ್ತ ಜಾಗದಲ್ಲಿ ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು. ಆ ಹುಡುಗಿಗೂ ಅಷ್ಟು ಸಂಪ್ರದಾಯ ಗೊತ್ತಿತ್ತು, ಎರವಲು ಬಂದ ಪಾತ್ರೆ ಬರಿದಾಗಿ ಹೋಗಬಾರದು ಎಂದು. ಪಾತ್ರೆಯೇ ಬೇರೆಯಾಗಬಾರದು ಎನ್ನುವ ಸಂಪ್ರದಾಯವನ್ನು ಯಾರೂ ಮಾಡಿಟ್ಟಿಲ್ಲ, ಅದರ ಅಗತ್ಯ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಹೆಸ್ರೆಲ್ಲವ್ವ?"

"ಹೆಸ್ರಾ?" ರೂಪಾ ಮುಚ್ಚಳದ ಕಡೆ ನೋಡಿದಳು. "ಓ, ಅದಾ! ಡಿಶ್‌ವಾಶರಿಗೆ ಹಾಕಿದ್ವಿ ಆಂಟಿ. ಹೊರಟೋಯ್ತು."

ಉಳಿಯಲ್ಲಿ ಹೊಡೆದ ಹೆಸರು. "ಹೌದು, ನಮ್ಮನೇಲೂ ಡಿಶ್‌ವಾಶರ್ ತುಂಬಾ ಸ್ಟ್ರಾಂಗು," ಎಂದು ಒಬ್ಬಳು ಅಂದಳು. ಇನ್ನಿಬ್ಬರು ತಲೆಯಾಡಿಸಿದರು. ಲೋಹದ ತೊಟ್ಟಿಗೆ ಅದನ್ನು ನನ್ನ ಕೈಯಾರೆ ಹಾಕಿದ್ದ ನಾನು ಕೂಡ ತಲೆಯಾಡಿಸಿದೆ. ಡೆಬ್ ಅಲ್ಲಿದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರಸನ್ನ ಚಪ್ಪಾಳೆ ತಟ್ಟಿ ಎದ್ದು, "ಒಂದು ಕಡೆ ಝೀರೋ ವೇಸ್ಟ್ ರೂಪಾ, ಇನ್ನೊಂದು ಕಡೆ ರಿಸರ್ಚರ್ ಆಂಟಿ! ಆಂಟಿ, ನಿಮ್ಮ ರಿಸರ್ಚ್ ಬಗ್ಗೆ ಎರಡು ಮಾತು ಹೇಳಲೇಬೇಕು," ಅಂದ. ಎಲ್ಲರೂ ಹೋ ಎಂದರು. ಸವಿತಾ ತುಟಿಯಲ್ಲೇ ಆ ಉದ್ದದ ಇಂಗ್ಲಿಷು ಪದ ಹೇಳಿಕೊಡುತ್ತಿದ್ದಳು, ನನಗೆ ಸಿಕ್ಕಲಿಲ್ಲ.

ಎದ್ದು ನಿಂತೆ. ಕೈಯಲ್ಲಿ ಆ ಡಬ್ಬಿ. ಒಂದು ಸುಳ್ಳನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಂದನ್ನು ಬಾಯಲ್ಲಿ ಹೇಳುವಷ್ಟು ನಾನು ಓದಿದವಳಲ್ಲ.

"ನಾನು ಕಸ ಆರುಸ್ತೀನಿ," ಅಂದೆ. "ಮನೆ ಕಸ, ಆಫೀಸಿನ್ ಕಸ, ಹೋಟ್ಲು ಕಸ. ಲಾರೀಲಿ ಬತ್ತದೆ, ಟೇಬಲ್ ಮೇಲೆ ಸುರೀತಾರೆ, ಆರ್ಸಿ ತೂಗ್ತೀವಿ. ಬೆಲ್ವ್ಯೂ ಲಾರೀನೂ ಬತ್ತದೆ, ಓವರ್‌ಲೇಕ್ ಲಾರೀನೂ ಬತ್ತದೆ. ಇದೇ ನನ್ ರಿಸರ್ಚು."

"ಅವ್ವಾ!" ಅಂದಳು ಸವಿತಾ.

ಆ ಪದ ಜನರ ಮುಂದೆ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಬಂದ ಮೇಲೆ ಅವಳೇ ಬೆಚ್ಚಿದಳು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರ ಕಣ್ಣೂ ಶೆಲ್ಫಿನ ಮೇಲಿನ ಗಾಜಿನ ಬಾಟಲಿಗೆ ಹೋಗಿತ್ತು. ನಾನು ಆ ಕಡೆ ನೋಡಲಿಲ್ಲ.

ಆಮೇಲೆ ನಡೆದದ್ದು ತಮಾಷೆ. ನನ್ನ ಕೆಲಸ ಕೇಳಿ ಅಸಹ್ಯಪಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ, ಸವಿತಾಳಿಗೂ ಇದ್ದದ್ದು ಅದೇ ಭಯ. ಅಸಹ್ಯಪಟ್ಟುಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಒಬ್ಬೊಬ್ಬರಾಗಿ ತಾಂಬೂಲಕ್ಕೆ ಬರುವ ಹಾಗೆ ಹತ್ತಿರ ಬಂದರು. ಒಬ್ಬಳು, "ಆಂಟಿ, ನಮ್ಮ ಬೀದಿ ಲಾರಿ ಯಾವ ವಾರ ಬರತ್ತೆ?" ಅಂದಳು. ಒಬ್ಬ ಗೌರವಸ್ಥ, ಹಬ್ಬ ಹರಿದಿನದಲ್ಲಿ ಮಂತ್ರ ಹೇಳುವವನು, ಕೆಮ್ಮಿ, "ಅಮ್ಮ, ಶ್ರಾವಣ ಮಾಸದಲ್ಲೂ ಆರಿಸ್ತೀರಾ?" ಎಂದು ಕೇಳಿದ.

"ಎಲ್ಲಾ ಮಾಸ್ದಲ್ಲೂ ಆರುಸ್ತೀವಿ ಸ್ವಾಮಿ."

"ಮೂಳೆ ಗೀಳೆ ಬಂದ್ರೆ, ಯಾರ ಮನೇದು ಅಂತ..."

"ಟೇಬಲ್ ಮೇಲ್ ಕಂಡಿದ್ದನ್ನ ಟೇಬಲ್ ಮೇಲೇ ಬುಡಬೇಕು. ನಮ್ ಕೆಲ್ಸದ ಕಾನೂನು." ಸಮಾಧಾನವಾಗಲಿ ಎಂದು ಹೇಳಿದೆ. ಆತನ ಮುಖ ಇನ್ನೂ ಬಾಡಿತು. ನಮ್ಮವ್ವನಿಗೆ ಇವನೊಬ್ಬ ಸಿಕ್ಕಬೇಕಿತ್ತು.

ಪ್ರಸನ್ನ ಕೊನೆಗೆ ಬಂದ. "ಆಂಟಿ, ಕಾಗದ ಪತ್ರ ಎಲ್ಲ ಓದ್ತೀರಾ?"

"ನಂಗೆ ಇಂಗ್ಲಿಷ್ ಓದಕ್ ಬರಲ್ಲಪ್ಪ."

ಅವನು ಹಾಯಾಗಿ ಉಸಿರುಬಿಟ್ಟು, ಅದನ್ನು ಗಟ್ಟಿಯಾಗಿ ಎಲ್ಲರಿಗೂ ಹೇಳಿದ. ನನಗೆ ಓದಲು ಬರುವುದಿಲ್ಲ ಎಂಬ ಸಂಗತಿ ಅಷ್ಟು ಜನರಿಗೆ ಅಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲು.

ತಟ್ಟೆ ಇಡಲು ಅಡುಗೆಮನೆಗೆ ಹೋದಾಗ ರೂಪಾ ಸಿಂಕಿನ ಹತ್ತಿರ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ತೊಳೆಯಲು ಅಲ್ಲೇನೂ ಇರಲಿಲ್ಲ.

"ಆಂಟಿ," ಅಂದಳು, ತಿರುಗದೆ. "ಆ ಡಬ್ಬಿ..."

"ಚೆಂದಾಗದೆ. ಹೊಸಾ ತರ ಹೊಳೀತದೆ."

"ಸಾರಿ ಆಂಟಿ. ಅದರ ವಾಸನೆ ನಮಗೆ... ತೆಗೆದು ನೋಡಿ ಹಾಳಾಗಿದೆ ಅಂದ್ಕೊಂಡೆ."

"ಇಷ್ಟ ಆಗ್ದಿದ್ರೆ ಹಂಗಂತ ಹೇಳಿ ವಾಪಸ್ ಕೊಡು ಮಗ. ನಾನೇನ್ ನುಂಗ್ಬುಡ್ತೀನಾ? ಡಬ್ಬಿ ಆದ್ರೂ ಉಳೀತಿತ್ತು." ಇಷ್ಟು ಹೇಳಿ ನಲ್ಲಿ ನಿಲ್ಲಿಸಿ ಬಂದೆ. ಡೆಬ್ಬಳ ಕಾನೂನನ್ನು ಇದರಲ್ಲಿ ಮುರಿದೆನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಎಸೆದವಳಿಗೇ ಹೇಳಿದ್ದು ಹೊರಗೆ ಹೇಳಿದಂತೆ ಆಗುತ್ತದೆಯೇ? ತಿಳಿದವರು ಹೇಳಬೇಕು.

ವಾಪಸು ಬರುವಾಗ ಗಿರೀಶ ಕಾರು ಓಡಿಸುತ್ತಿದ್ದ. ಮಳೆ ಒರೆಸುವ ಕಡ್ಡಿ ಆಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಗಿರೀಶನ ಭುಜ ಅಲುಗಾಡಿತು.

"ನಗ್ಬೇಡ," ಅಂದಳು ಸವಿತಾ.

"ಇಲ್ಲ ಕಣೇ, ಶ್ರಾವಣ ಮಾಸ..." ಎಂದು ಅವನು ಸ್ಟೀರಿಂಗಿನ ಮೇಲೆ ತಲೆಯಿಟ್ಟ. ಹಿಂದಿನ ಕಾರಿನವನು ಹಾರನ್ ಹೊಡೆದ.

ಮನೆಯ ಮುಂದೆ ಇಳಿಯುವಾಗ ಸವಿತಾ ನನ್ನ ಕಡೆ ತಿರುಗದೆ, "ನೀನು ಮಾತು ಕೊಟ್ಟಿದ್ದೆ ಅವ್ವ. ಗೊತ್ತಾದ ದಿನ ಬಿಡ್ತೀನಿ ಅಂದಿದ್ದೆ," ಅಂದಳು. ಹೌದು, ಅಂದಿದ್ದೆ. ಬೂಟು ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಒಳಗೆ ಎತ್ತಿಡದೆ ಮಲಗಲು ಹೋದೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಎದ್ದು ಚಿತ್ರಾನ್ನ ಕಲಸಿದೆ. ಲಾಡುಗಳನ್ನು ಒಂದು ತಟ್ಟೆಗೆ ಸುರಿದು, ಡಬ್ಬಿ ತೊಳೆದು ಒರೆಸಿದೆ. ಗ್ಯಾರೇಜಿನಿಂದ ಗಿರೀಶನ ಸುತ್ತಿಗೆಯನ್ನೂ ದಪ್ಪ ಮೊಳೆಯನ್ನೂ ತಂದು, ಅಡುಗೆಮನೆಯ ಕಲ್ಲಿನ ಮೇಲೆ ಟವೆಲು ಹಾಸಿ, ಮುಚ್ಚಳ ಇಟ್ಟು, ಚುಕ್ಕೆ ಚುಕ್ಕೆಯಾಗಿ ಹೊಡೆಯತೊಡಗಿದೆ. ಮೊದಲ ಅಕ್ಷರ ಮುಗಿದು ಎರಡನೆಯದರ ನಡುವೆ ಇದ್ದಾಗ ಸವಿತಾ ಕಣ್ಣುಜ್ಜಿಕೊಂಡು ಕೆಳಗೆ ಬಂದಳು.

"ಏನವ್ವಾ ಇದು, ಬೆಳ್ಳಂಬೆಳಿಗ್ಗೆ?"

"ಹೆಸ್ರು ಹೊಡೀತಿದ್ದೀನಿ."

"ಈಗ್ಲೇ ಹೊಡೀಬೇಕಾ?"

"ಅಲ್ಮಾಜ್ ಬರೋ ಹೊತ್ತಾಯ್ತು."

ಅವಳು ಬಾಗಿಲ ಪಕ್ಕದ ಬೂಟು ನೋಡಿದಳು, ಚಿತ್ರಾನ್ನದ ಬೋಗುಣಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಚ್ಚಳ ಜಾರಿತು.

"ನಿಂತ್ಕೊಂಡು ನೋಡ್ಬೇಡ," ಅಂದೆ. "ಗಟ್ಟಿಯಾಗ್ ಹಿಡ್ಕೊ."

ಅವಳು ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏಟು ಬಿದ್ದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು, ಕೈ ಅಲುಗುತ್ತಿತ್ತು. ಅದಕ್ಕೇ ಉಳಿದ ಅಕ್ಷರಗಳು ಸೊಟ್ಟಗಾದವು. ಮುಗಿದ ಮೇಲೆ ಡಬ್ಬಿಗೆ ಚಿತ್ರಾನ್ನ ತುಂಬಿ, ಮುಚ್ಚಳ ಒತ್ತಿ, ಬೂಟು ಹಾಕಿಕೊಂಡು ಕೆಲಸಕ್ಕೆ ಹೋದೆ.